ಆ ಕಡೆಯವರು, ಈ ಕಡೆಯವರು



ಹೋದ ಪಾಠದಲ್ಲಿ ಪಡಿತರ ಚೀಟಿ ಓದುವುದನ್ನು ಕಲಿತೆವು. ಈ ಪಾಠ ಮಾತಿನ ಬಗ್ಗೆ. ನಾವು ದಿನಾ ಆಡುವ ಮಾತು. ತೋಟದಲ್ಲಿ, ಬಸ್ಸಿನಲ್ಲಿ, ಸಂತೆಯಲ್ಲಿ ಕೇಳುವ ಮಾತು.

ಮೊದಲು ಈ ಸಾಲುಗಳನ್ನು ಗಟ್ಟಿಯಾಗಿ ಓದಿ.

"ಬಯಲುಸೀಮೆಯವರ ಬಾಯಿ ದೊಡ್ಡದು."
"ಘಟ್ಟದ ಕೆಳಗಿನವರು ಕಾಸಿಗೆ ಕಾಸು ಎಣಿಸುವವರು."
"ಉತ್ತರ ಕರ್ನಾಟಕದವರ ಮಾತು ಒರಟು."
"ಅಸ್ಸಾಮಿನವರನ್ನು ನಂಬಬಾರದು."
"ಮಲೆನಾಡಿನವರು ಸೋಮಾರಿಗಳು."

ಮೊದಲಿನ ನಾಲ್ಕು ಮಾತು ಓದುವಾಗ ನಗು ಬಂದಿರಬಹುದು. ಐದನೆಯದು ಓದುವಾಗ ನಗು ಬಂತೇ? ಇಲ್ಲ. ಸಿಟ್ಟು ಬಂತು. ಯಾಕೆಂದರೆ ಅದು ನಮ್ಮ ಬಗ್ಗೆ ಆಡಿದ ಮಾತು. ಬೆಳಗಾಗೆದ್ದು ಕೊಟ್ಟಿಗೆ ಕೆಲಸ ಮುಗಿಸಿ, ಅಡುಗೆ ಮಾಡಿ, ಮಳೆಯಲ್ಲಿ ಗೊರಬು ಹಾಕಿಕೊಂಡು ಕೆಲಸಕ್ಕೆ ಹೋಗುವ ನಮ್ಮನ್ನು ಸೋಮಾರಿ ಅಂದರೆ ಸುಮ್ಮನಿರುತ್ತೇವೆಯೇ?

ಹಾಗಾದರೆ ಉಳಿದ ನಾಲ್ಕು ಮಾತು ಕೇಳಿದವರಿಗೆ ಏನನ್ನಿಸಬಹುದು? ಈಗ ಒಂದು ಕಥೆ ಓದೋಣ. ಇದು ಪಾಠಕ್ಕಾಗಿ ಕಟ್ಟಿದ ಕಥೆ. ಆದರೆ ಇಂಥವರು ನಮ್ಮ ಕಳಸ, ಮೂಡಿಗೆರೆ ಕಡೆ ಎಷ್ಟೋ ತೋಟಗಳಲ್ಲಿ ಇದ್ದಾರೆ.

ಯಲ್ಲವ್ವನ ಮಗಳು

ಕಾಫಿ ಹಣ್ಣಿನ ಕೊಯ್ಲು ಶುರುವಾಗಿತ್ತು. ತೋಟದ ಲೈನ್ ಮನೆಗೆ ಹೊಸಬರು ಬಂದಿದ್ದರು. ಅವರಲ್ಲಿ ಯಲ್ಲವ್ವ ಒಬ್ಬಳು. ಅವಳ ಊರು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ. ಮಗಳನ್ನು ಜೊತೆಗೇ ಕರೆದುಕೊಂಡು ಬಂದಿದ್ದಳು. ಹುಡುಗಿ ಮೂರನೇ ತರಗತಿ. ಇಲ್ಲಿನ ಶಾಲೆಗೆ ಸೇರಿಸಿದಳು.

ಒಂದು ವಾರ ಹುಡುಗಿ ಶಾಲೆಗೆ ಹೋದಳು. ಆಮೇಲೆ ಬಿಟ್ಟಳು. ತಾಯಿಯ ಹಿಂದೆಯೇ ತೋಟಕ್ಕೆ ಬರತೊಡಗಿದಳು. ಪಕ್ಕದ ಮನೆಯ ಗಿರಿಜಕ್ಕ ಕೇಳಿದಳು.

"ಎಂಥ ಮಾರಾಯ್ತಿ, ಮಗಳು ಶಾಲೆಗೆ ಹೋಗಲ್ವಾ?"

ಯಲ್ಲವ್ವ ಹೇಳಿದಳು. "ಏನ್ ಹೇಳ್ಲಿ ಅಕ್ಕಾರ. ಊರಾಗ ಎರಡು ಎಕರೆ ಹೊಲ ಐತ್ರಿ. ಸಜ್ಜಿ ಬಿತ್ತತೀವಿ, ಜ್ವಾಳ ಬಿತ್ತತೀವಿ. ಕಾಲುವಿ ನೀರಿಲ್ಲ. ಮಳಿ ಬಂದ್ರ ಬೆಳಿ, ಇಲ್ಲಂದ್ರ ಇಲ್ಲ. ಈ ಸಲ ಮಳಿ ಕೈಕೊಡ್ತು. ಮಗಳ ಓದು ನಿಲ್ಲಬಾರದು ಅಂತ ಜೋಡಿ ಕರಕೊಂಡು ಬಂದೆ. ಈಗ ಆಕಿ ನಾ ಸಾಲಿಗೆ ಹೋಗಂಗಿಲ್ಲ ಅಂತಾಳ."

"ಯಾಕಂತೆ?"

"ಸಾಲಿ ಅಂದ್ರ ಹುಡುಗ್ರು ನಗತಾರಂತ. ಜೋಳದ ರೊಟ್ಟಿ ಅಂತ ಹೆಸರಿಟ್ಟು ಕರೀತಾರಂತ. ಹತ್ರ ಕೂಡಂಗಿಲ್ಲಂತ."

ಗಿರಿಜಕ್ಕನಿಗೆ ಬೇಸರವಾಯಿತು. ಅವಳ ಮಗಳೂ ಅದೇ ತರಗತಿ. ರಾತ್ರಿ ಊಟಕ್ಕೆ ಕೂತಾಗ ಮಗಳನ್ನು ಕೇಳಿದಳು.

"ಆ ಹುಡುಗಿಗೆ ಯಾಕೆ ಹಾಗೆ ಹೇಳ್ತೀರಿ?"

ಮಗಳು ತಟ್ಟನೆ ಅಂದಳು. "ನೀನೇ ಹೇಳಿದ್ಯಲ್ಲಮ್ಮ, ಆ ಕಡೆಯೋರಿಗೆ ಸರಿಯಾಗಿ ಮಾತಾಡಕ್ಕೇ ಬರಲ್ಲ ಅಂತ."

ಗಿರಿಜಕ್ಕನ ಕೈ ತಟ್ಟೆಯಲ್ಲೇ ನಿಂತಿತು.

ಕಲಿಕಾ ಕೇಂದ್ರದಲ್ಲಿ

ಮರುದಿನ ಸಂಜೆ ಕಲಿಕಾ ಕೇಂದ್ರದಲ್ಲಿ ಗಿರಿಜಕ್ಕ ಈ ವಿಷಯ ಎತ್ತಿದಳು. ಎಲ್ಲರೂ ಮಾತಾಡಿದರು.

ಒಬ್ಬಳು ಅಂದಳು: "ನಾವು ತಮಾಷೆಗೆ ಅನ್ನೋದು. ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಂಡರೆ ಹೇಗೆ?"

ಕಮಲಕ್ಕ ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯಳು. ಅವಳು ಹೇಳಿದಳು: "ತಮಾಷೆ ಅಂದರೆ ಇಬ್ಬರೂ ನಗಬೇಕು ಕಣೇ. ಒಬ್ಬಳು ನಕ್ಕು ಇನ್ನೊಬ್ಬಳು ಅತ್ತರೆ ಅದು ತಮಾಷೆ ಅಲ್ಲ. ನನ್ನ ಅಜ್ಜಿ ಘಟ್ಟದ ಕೆಳಗಿನವರು. ಬೆಳ್ತಂಗಡಿ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು. ಬಂದಾಗ ಅವರಿಗೆ ತುಳು ಮಾತ್ರ ಬರ್ತಿತ್ತು. ಕನ್ನಡ ತಪ್ಪು ಮಾತಾಡಿದರೆ ಇಲ್ಲಿಯವರು ನಗ್ತಿದ್ದರಂತೆ. ಅಜ್ಜಿ ಅಂಗಡಿಗೆ ಹೋಗೋದನ್ನೇ ಬಿಟ್ಟಿದ್ದರಂತೆ. ಸಾಯುವವರೆಗೂ ಅದನ್ನು ಮರೆತಿರಲಿಲ್ಲ."

ಸೆಲ್ವಿ ಹೇಳಿದಳು: "ನಮ್ಮ ತಾತ ತಮಿಳುನಾಡಿನವರು. ನಾನು ಹುಟ್ಟಿದ್ದು ಇದೇ ಲೈನಿನಲ್ಲಿ. ಓದ್ತಿರೋದು ಕನ್ನಡ. ಆದರೂ ಕೆಲವರು ನೀನು ಎಲ್ಲಿಯವಳು ಅಂತ ಈಗಲೂ ಕೇಳ್ತಾರೆ."

ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೇಂದ್ರದಲ್ಲಿ ಇದ್ದವರಲ್ಲಿ ಅರ್ಧ ಜನರ ಅಜ್ಜ ಅಜ್ಜಿ ಹೊರಗಿನಿಂದ ಬಂದವರೇ ಆಗಿದ್ದರು.

ಪೂರ್ವಗ್ರಹ ಎಂದರೇನು?

ಇದು ಹೊಸ ಪದ. ಬಿಡಿಸಿ ಓದಿ. ಪೂರ್ವ – ಗ್ರಹ. ಪೂರ್ವ ಎಂದರೆ ಮೊದಲು. ಗ್ರಹ ಎಂದರೆ ಹಿಡಿದುಕೊಳ್ಳುವುದು. ಒಬ್ಬರನ್ನು ನೋಡುವ ಮೊದಲೇ, ಮಾತಾಡಿಸುವ ಮೊದಲೇ, ಅವರು ಹೀಗೇ ಎಂದು ಮನಸ್ಸಿನಲ್ಲಿ ಹಿಡಿದುಕೊಂಡರೆ ಅದು ಪೂರ್ವಗ್ರಹ.

ಕೊಯ್ಲಿನ ಚೀಲದಲ್ಲಿ ನಾಲ್ಕು ಹಸಿರು ಕಾಯಿ ಸೇರಿಕೊಂಡರೆ ನಾವು ಚೀಲವನ್ನೇ ಚೆಲ್ಲುತ್ತೇವೆಯೇ? ಇಲ್ಲ. ಹಸಿರು ಕಾಯಿ ಆರಿಸಿ ಬೇರೆ ಇಡುತ್ತೇವೆ. ಜನರ ವಿಷಯದಲ್ಲಿ ಮಾತ್ರ ನಾಲ್ವರು ತಪ್ಪು ಮಾಡಿದರೆ ಇಡೀ ಸೀಮೆಯನ್ನೇ ಬಯ್ಯುತ್ತೇವೆ. ಕಳ್ಳತನ ಮಾಡಿದವನು ಕಳ್ಳ. ಅವನ ಊರು ಕಳ್ಳ ಅಲ್ಲ.

ಮಾತು ಒರಟೇ?

ಯಲ್ಲವ್ವನ ಮಾತು ಮತ್ತೊಮ್ಮೆ ಓದಿ. "ಹೊಲ ಐತ್ರಿ." "ಅಕ್ಕಾರ." ಈ "ರಿ", ಈ "ಅರ" ಯಾಕೆ ಬಂತು? ಅದು ಮರ್ಯಾದೆಯ ಮಾತು. ನಾವು "ಬನ್ನಿ, ಹೋಗಿ" ಅನ್ನುವ ಹಾಗೆ. ನಮಗೆ ಒರಟು ಎಂದು ಕೇಳಿಸಿದ್ದು ನಿಜವಾಗಿ ಗೌರವ. ನಮ್ಮ ಕಿವಿಗೆ ಅಭ್ಯಾಸ ಇರಲಿಲ್ಲ, ಅಷ್ಟೆ.

ಈ ಪದಗಳನ್ನು ಜೋಡಿಯಾಗಿ ಓದಿ.

ಮನೆ – ಮನಿ
ಶಾಲೆ – ಸಾಲಿ
ಮಳೆ – ಮಳಿ
ಬೇಗ – ಲಗೂ
ಚೆನ್ನಾಗಿದೆ – ಚಲೋ ಐತಿ
ಅಮ್ಮ – ಅವ್ವ

ಎಲ್ಲವೂ ಕನ್ನಡವೇ. ಒಂದೇ ಭಾಷೆಗೆ ಇಷ್ಟು ಬಗೆ ಯಾಕೆ? ಅದಕ್ಕೂ ಕಾರಣ ಇದೆ. ಮೊದಲು ಕನ್ನಡದ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ನಮ್ಮ ಚಿಕ್ಕಮಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ರಾಯಚೂರು, ಕಲಬುರಗಿ, ಬೀದರ್ ಹೈದರಾಬಾದಿನ ನಿಜಾಮರ ಕೈಯಲ್ಲಿದ್ದವು. ಕೊಪ್ಪಳ ಆಗ ರಾಯಚೂರು ಜಿಲ್ಲೆಗೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿತ್ತು. 1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯವಾದವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಬಹಳ ಕಾಲ ಬೇರೆ ಬೇರೆ ಮನೆಯಲ್ಲಿ ಬೆಳೆದ ಅಕ್ಕತಂಗಿಯರ ಮಾತಿನಲ್ಲಿ ವ್ಯತ್ಯಾಸ ಇರುವುದಿಲ್ಲವೇ? ಹಾಗೆಯೇ ಇದೂ.

ಇನ್ನು ತಾಯಿಯನ್ನು ತುಳುವಿನಲ್ಲಿ ಅಪ್ಪೆ ಅನ್ನುತ್ತಾರೆ. ಅಸ್ಸಾಮಿ ಭಾಷೆಯಲ್ಲಿ ಮಾ ಅನ್ನುತ್ತಾರೆ. ಕರೆಯುವ ಮಾತು ಬೇರೆ. ಕರೆದಾಗ ಓಡಿ ಬರುವ ತಾಯಿ ಎಲ್ಲ ಕಡೆಯೂ ಒಂದೇ.

ಒಂದು ಹೊಳೆಯ ದಾರಿ

ನಮ್ಮ ಭದ್ರಾ ಹೊಳೆ ಎಲ್ಲರಿಗೂ ಗೊತ್ತು. ಮಳೆಗಾಲದಲ್ಲಿ ಹೆಬ್ಬಾಳೆ ಸೇತುವೆ ಮುಳುಗಿ ಕಳಸ–ಹೊರನಾಡು ರಸ್ತೆ ಬಂದ್ ಆದದ್ದನ್ನು ನಾವು ಎಷ್ಟು ಸಲ ನೋಡಿಲ್ಲ! ಆ ನೀರು ಎಲ್ಲಿಗೆ ಹೋಗುತ್ತದೆ?

ಭದ್ರಾ ಗಂಗಾಮೂಲದಲ್ಲಿ ಹುಟ್ಟುತ್ತದೆ. ಕಳಸ, ಬಾಳೆಹೊನ್ನೂರು ದಾಟುತ್ತದೆ. ಲಕ್ಕವಳ್ಳಿಯಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ತುಂಗೆಯ ಜೊತೆ ಸೇರುತ್ತದೆ. ಅಲ್ಲಿಂದ ಅದರ ಹೆಸರು ತುಂಗಭದ್ರಾ. ಹೊಸಪೇಟೆಯ ಹತ್ತಿರ ದೊಡ್ಡ ಅಣೆಕಟ್ಟು ಇದೆ. ಅದರ ಕಾಲುವೆಗಳು ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಗದ್ದೆಗಳಿಗೆ ನೀರು ಕೊಡುತ್ತವೆ. ಗಂಗಾವತಿ ಭತ್ತಕ್ಕೆ ಹೆಸರಾದ ಊರು.

ನಮ್ಮ ಗುಡ್ಡದ ಮಳೆ ಅವರ ಗದ್ದೆಗೆ ನೀರು. ಅವರ ಗದ್ದೆಯ ಭತ್ತ ಪೇಟೆಯ ಅಂಗಡಿಯಲ್ಲಿ ಅಕ್ಕಿ. ಆದರೆ ಕಾಲುವೆ ಎಲ್ಲ ಊರಿಗೂ ಹೋಗುವುದಿಲ್ಲ. ಯಲ್ಲವ್ವನ ಹೊಲಕ್ಕೆ ಹೋಗಿಲ್ಲ. ಅದಕ್ಕೇ ಅವಳು ಹೊಳೆ ಹುಟ್ಟುವ ಊರಿಗೆ ಕೆಲಸ ಹುಡುಕಿಕೊಂಡು ಬಂದಳು.

ಮನುಷ್ಯರು ಊರು ಬಿಟ್ಟು ಬರುವುದು ಸುಮ್ಮನೆ ಅಲ್ಲ. 2000ನೇ ಇಸವಿಯಲ್ಲಿ ಸರ್ಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದಲ್ಲಿ ಒಂದು ಸಮಿತಿ ಮಾಡಿತು. ಯಾವ ತಾಲ್ಲೂಕು ಹಿಂದುಳಿದಿದೆ ಎಂದು ನೋಡುವುದು ಅದರ ಕೆಲಸ. 2002ರಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿ 175 ತಾಲ್ಲೂಕು ಇದ್ದವು. ಅದರಲ್ಲಿ 114 ತಾಲ್ಲೂಕು ಹಿಂದುಳಿದಿವೆ ಎಂದು ಸಮಿತಿ ಹೇಳಿತು. ಅತ್ಯಂತ ಹಿಂದುಳಿದವು 39. ಆ 39ರಲ್ಲಿ 26 ಉತ್ತರ ಕರ್ನಾಟಕದವು, 13 ದಕ್ಷಿಣದವು.

ಈ ಲೆಕ್ಕ ಎರಡು ಮಾತು ಹೇಳುತ್ತದೆ. ಒಂದು, ಶಾಲೆ, ಆಸ್ಪತ್ರೆ, ನೀರಾವರಿ, ರಸ್ತೆ ಎಲ್ಲ ಕಡೆ ಸಮನಾಗಿ ಹಂಚಿಕೆ ಆಗಲಿಲ್ಲ. ಎರಡು, ಹಿಂದುಳಿದದ್ದು ಸೌಕರ್ಯ. ಜನರ ಬುದ್ಧಿ ಅಲ್ಲ.

ಅಸ್ಸಾಮಿನ ಕಥೆಯೂ ಹಾಗೆಯೇ. ಅಲ್ಲಿ ಬ್ರಹ್ಮಪುತ್ರ ಎಂಬ ಮಹಾನದಿ ಇದೆ. ಮಳೆಗಾಲದಲ್ಲಿ ಊರು ಮುಳುಗುತ್ತದೆ. ದಂಡೆ ಕುಸಿದು ಹೊಲ, ಮನೆ ನೀರಿಗೆ ಹೋಗುತ್ತವೆ. 2019ರ ಆಗಸ್ಟ್‌ನಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿದದ್ದು ನೆನಪಿದೆಯೇ? ಮನೆ ಕಳೆದುಕೊಳ್ಳುವ ಕಷ್ಟ ನಮಗೂ ಗೊತ್ತು.

ಮಲೆನಾಡಿಗೂ ಹೆಸರಿಟ್ಟಿದ್ದರು

ಹಿಂದೆ ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹೆದರುತ್ತಿದ್ದರು. ಇಲ್ಲಿನ ನೀರು ಕೆಟ್ಟದ್ದು, ಗಾಳಿ ಕೆಟ್ಟದ್ದು ಅನ್ನುತ್ತಿದ್ದರು. ಇಲ್ಲಿನ ಜನ ಸೋಮಾರಿಗಳು, ಕಂಬಳಿ ಹೊದ್ದು ಮಲಗುವವರು ಅನ್ನುತ್ತಿದ್ದರು.

ನಿಜ ಏನು? ಅದು ಮಲೇರಿಯಾ. ಆಗ ಅದನ್ನು ಚಳಿಜ್ವರ ಅನ್ನುತ್ತಿದ್ದರು. ಜ್ವರ ಬಂದವರ ರಕ್ತ ಕಡಿಮೆಯಾಗುತ್ತದೆ. ಕೈಕಾಲಿನಲ್ಲಿ ಶಕ್ತಿ ಇರುವುದಿಲ್ಲ. ನಿಂತರೆ ತಲೆ ಸುತ್ತುತ್ತದೆ. ಅಂಥವರು ಕಂಬಳಿ ಹೊದ್ದು ಮಲಗದೆ ಇನ್ನೇನು ಮಾಡಿಯಾರು?

1897ರಲ್ಲಿ ರೊನಾಲ್ಡ್ ರಾಸ್ ಎಂಬ ವೈದ್ಯರು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡರು. ತಪ್ಪು ನೀರಿನದೂ ಅಲ್ಲ, ಜನರದೂ ಅಲ್ಲ. ತಪ್ಪು ಸೊಳ್ಳೆಯದು. 1953ರಲ್ಲಿ ದೇಶದಾದ್ಯಂತ ಮಲೇರಿಯಾ ತಡೆಯುವ ಕೆಲಸ ಶುರುವಾಯಿತು. ಮನೆ ಮನೆಗೆ ಔಷಧ ಹೊಡೆದರು. ಜ್ವರ ಬಹಳ ಕಡಿಮೆಯಾಯಿತು. ಆದರೆ ಸೋಮಾರಿ ಎಂಬ ಮಾತು ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ. ರೋಗಕ್ಕೆ ಔಷಧ ಸಿಕ್ಕಿತು. ಮಾತಿಗೆ ನಾವೇ ಔಷಧ ಹುಡುಕಬೇಕು.

ಹೊರಗಿನವರು ಯಾರು?

ನಮ್ಮ ಊರಿನ ಹೆಸರೇ ಹೊರನಾಡು. ಇಲ್ಲಿ ಅನ್ನಪೂರ್ಣೇಶ್ವರಿ ದೇವಸ್ಥಾನ ಇದೆ. ಬಂದ ಭಕ್ತರಿಗೆಲ್ಲ ಊಟ ಇದೆ. ಊಟಕ್ಕೆ ಕೂತವರನ್ನು ನಿಮ್ಮದು ಯಾವ ಸೀಮೆ ಎಂದು ಯಾರೂ ಕೇಳುವುದಿಲ್ಲ.

ನಮ್ಮ ಹೊಟ್ಟೆ ಹೊರೆಯುವ ಕಾಫಿ ಎಲ್ಲಿಯದು? ಅದರ ತವರು ಆಫ್ರಿಕಾದ ಇಥಿಯೋಪಿಯಾ. ಬಾಬಾಬುಡನ್ ಎಂಬ ಸಂತರು ಅರಬ್ ದೇಶದ ಯೆಮೆನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂದು ಹಿರಿಯರು ಹೇಳುತ್ತಾರೆ. ತೋಟದ ಸಿಲ್ವರ್ ಓಕ್ ಮರ ಆಸ್ಟ್ರೇಲಿಯಾದ್ದು. ಸಾರಿಗೆ ಹಾಕುವ ಮೆಣಸಿನಕಾಯಿ, ಪಲ್ಯದ ಆಲೂಗೆಡ್ಡೆ ಅಮೆರಿಕ ಖಂಡದಿಂದ ಬಂದವು. ಇವೆಲ್ಲ ಇಲ್ಲಿನ ಮಣ್ಣಿನಲ್ಲಿ ಬೇರು ಬಿಟ್ಟವು. ಈಗ ಯಾರೂ ಇವನ್ನು ಹೊರಗಿನವು ಅನ್ನುವುದಿಲ್ಲ.

ನಮ್ಮವರೂ ಹೊರಗೆ ಹೋಗಿದ್ದಾರೆ. ಉಡುಪಿ, ಮಂಗಳೂರು ಕಡೆಯವರು ಮುಂಬಯಿಗೆ ಹೋಗಿ ಹೋಟೆಲಿನಲ್ಲಿ ದುಡಿದರು. 1960ರ ದಶಕದಲ್ಲಿ ಅಲ್ಲಿ ಕೆಲವರು ದಕ್ಷಿಣದವರ ಮೇಲೆ ಗಲಾಟೆ ಎಬ್ಬಿಸಿದರು. ಲುಂಗಿಯವರು ಎಂದು ಹಂಗಿಸಿದರು. ಉಡುಪಿ ಹೋಟೆಲುಗಳಿಗೆ ಕಲ್ಲು ಬಿತ್ತು. ಇಲ್ಲಿ ನಾವು ಯಾರನ್ನೋ ಹೊರಗಿನವರು ಅನ್ನುವಾಗ, ಬೇರೆ ಊರಲ್ಲಿ ನಮ್ಮ ಮಗ, ನಮ್ಮ ತಮ್ಮ ಹೊರಗಿನವನಾಗಿ ನಿಂತಿರುತ್ತಾನೆ.

ಮಾತಿನಿಂದ ಊರೇ ಖಾಲಿ

ಮಾತು ಎಷ್ಟು ಕೆಡುಕು ಮಾಡಬಲ್ಲದು? 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಅಸ್ಸಾಂ ಮತ್ತು ಈಶಾನ್ಯ ರಾಜ್ಯಗಳವರನ್ನು ಹೊಡೆಯುತ್ತಾರೆ ಎಂಬ ಸುದ್ದಿ. ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಆ ಕಡೆಯ ಸಾವಿರಾರು ಜನ ಗಂಟುಮೂಟೆ ಹೊತ್ತು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಬ್ಬರಿಗೆ ಇಷ್ಟೇ ಸಂದೇಶ ಎಂದು ಕೇಂದ್ರ ಸರ್ಕಾರ 15 ದಿನ ಮಿತಿ ಹಾಕಿತು.

ಅವರು ಓಡಿದ್ದು ಯಾಕೆ? ಸುದ್ದಿ ಬಂದ ಕೂಡಲೇ ನಂಬಿದ್ದು ಯಾಕೆ? ಅದಕ್ಕೆ ಮೊದಲೂ ಅವರ ಮುಖ ನೋಡಿ, ಮಾತು ಕೇಳಿ ಹಂಗಿಸುವವರು ಇದ್ದರು. ನಮ್ಮ ಪರವಾಗಿ ನಿಲ್ಲುವವರು ಯಾರು ಎಂಬ ಹೆದರಿಕೆ ಅವರ ಮನಸ್ಸಿನಲ್ಲಿ ಕೂತಿತ್ತು. ಒಣಗಿದ ಹುಲ್ಲಿಗೆ ಕಿಡಿ ಸಾಕು.

ಕಾನೂನು ಏನು ಹೇಳುತ್ತದೆ?

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು.

1. ಸಂವಿಧಾನದ 15ನೇ ವಿಧಿ: ಧರ್ಮ, ಜಾತಿ, ಲಿಂಗ, ಹುಟ್ಟಿದ ಊರು ನೋಡಿ ಸರ್ಕಾರ ಯಾರಿಗೂ ಭೇದ ಮಾಡಬಾರದು.

2. ಸಂವಿಧಾನದ 19ನೇ ವಿಧಿ: ದೇಶದ ಪ್ರಜೆ ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡಬಹುದು, ನೆಲೆಸಬಹುದು.

3. ಶಿಕ್ಷಣ ಹಕ್ಕು ಕಾಯ್ದೆ, 2009: 6ರಿಂದ 14 ವರ್ಷದ ಮಗುವಿಗೆ ಶಾಲೆಯಲ್ಲಿ ಸೀಟು ಇಲ್ಲ ಅನ್ನುವ ಹಾಗಿಲ್ಲ. ವರ್ಗಾವಣೆ ಪತ್ರ ಬರುವುದು ತಡವಾದರೂ ಸೇರಿಸಿಕೊಳ್ಳಬೇಕು.

4. ಒಂದು ದೇಶ, ಒಂದು ಪಡಿತರ ಚೀಟಿ: ಊರಿನ ಚೀಟಿ ಇದ್ದವರು ಕೆಲಸಕ್ಕೆ ಹೋದ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಆಹಾರ ಧಾನ್ಯ ಪಡೆಯಬಹುದು. 2022ರ ಹೊತ್ತಿಗೆ ಇದು ಎಲ್ಲ ರಾಜ್ಯಗಳಲ್ಲೂ ಬಂದಿದೆ.

ಈ ನಾಲ್ಕು ವಿಷಯ ನಿಮ್ಮ ಲೈನಿಗೆ ಬಂದ ಹೊಸಬರಿಗೆ ಗೊತ್ತಿಲ್ಲದಿರಬಹುದು. ನೀವು ಓದು ಕಲಿತಿದ್ದೀರಿ. ಓದಿ ಹೇಳಿ.

ಕಥೆ ಮುಂದೆ ಏನಾಯಿತು?

ಸೋಮವಾರ ಬೆಳಿಗ್ಗೆ ಗಿರಿಜಕ್ಕ ಯಲ್ಲವ್ವನ ಮನೆ ಬಾಗಿಲಿಗೆ ಬಂದಳು. ಜೊತೆಗೆ ಅವಳ ಮಗಳೂ ಇದ್ದಳು. "ಬಾರೇ, ಸಾಲಿಗೆ ಹೋಗಣ" ಅಂದಳು ಗಿರಿಜಕ್ಕನ ಮಗಳು. ಯಲ್ಲವ್ವನ ಮಗಳು ಸ್ವಲ್ಪ ಹೊತ್ತು ನೆಲ ನೋಡುತ್ತ ನಿಂತಳು. ಇದೂ ಅಣಕವೋ ಏನೋ ಎಂದು ಅವಳಿಗೆ ಅನುಮಾನ. ಆಮೇಲೆ ಚೀಲ ಹೆಗಲಿಗೆ ಹಾಕಿದಳು.

ಒಂದೇ ದಿನದಲ್ಲಿ ಎಲ್ಲ ಸರಿಹೋಗಲಿಲ್ಲ. ಹಿಂದಿನ ಬೆಂಚಿನ ಹುಡುಗರು ಮತ್ತೆ ನಕ್ಕರು. ಆದರೆ ಈಗ ಅವಳ ಪಕ್ಕ ಒಬ್ಬಳು ಕೂತಿದ್ದಳು.

ಆ ಭಾನುವಾರ ಯಲ್ಲವ್ವ ಜೋಳದ ರೊಟ್ಟಿ ಬಡಿದಳು. ಗಿರಿಜಕ್ಕ ಕಳಲೆ ಪಲ್ಯ ತಂದಳು. ಯಲ್ಲವ್ವ ಕಳಲೆ ತಿಂದು ಮುಖ ಕಿವುಚಿದಳು. "ಬಿದಿರನ್ನೂ ತಿಂತೀರೇನ್ರಿ ಅಕ್ಕಾರ!" ಅಂದಳು. ಎಲ್ಲರೂ ನಕ್ಕರು. ಯಲ್ಲವ್ವನೂ ನಕ್ಕಳು.

ನಾವು ಏನು ಮಾಡಬಹುದು?

• "ಆ ಕಡೆಯವರೆಲ್ಲ ಹೀಗೇ" ಎಂಬ ಮಾತು ಬಂದಾಗ "ಎಲ್ಲರೂ ಹೌದಾ? ನಿನಗೆ ಎಷ್ಟು ಜನ ಗೊತ್ತು?" ಎಂದು ಕೇಳೋಣ.
• ಮಕ್ಕಳ ಮುಂದೆ ಊರು, ಸೀಮೆ ಹಿಡಿದು ಬಯ್ಯುವುದು ಬೇಡ. ಮಕ್ಕಳು ಮನೆಯಲ್ಲಿ ಕೇಳಿದ್ದನ್ನೇ ಶಾಲೆಯಲ್ಲಿ ಆಡುತ್ತಾರೆ.
• ಹೊಸಬರನ್ನು ಊರಿನ ಹೆಸರಿನಿಂದ ಕರೆಯುವುದು ಬೇಡ. ಅವರ ಹೆಸರು ಕೇಳಿ, ಹೆಸರು ಹಿಡಿದು ಕರೆಯೋಣ.
• ಮೊಬೈಲಿನಲ್ಲಿ ಸುದ್ದಿ ಬಂದರೆ ನಿಜವೇ ಎಂದು ತಿಳಿಯುವವರೆಗೆ ಮುಂದೆ ಕಳಿಸುವುದು ಬೇಡ.
• ಏನಾದರೂ ಕಳೆದುಹೋದರೆ ಊರು ನೋಡಿ ಅನುಮಾನ ಪಡುವುದು ಬೇಡ.

ಹೊಸ ಪದಗಳು – ಓದಿ, ಬರೆಯಿರಿ

ಪೂರ್ವಗ್ರಹ, ಸಂವಿಧಾನ, ಗಾಳಿಸುದ್ದಿ, ವರದಿ, ಹಿಂದುಳಿದ, ಅಣೆಕಟ್ಟು, ಮರ್ಯಾದೆ

ಪ್ರಶ್ನೆಗಳು

1. ಯಲ್ಲವ್ವನ ಮಗಳು ಶಾಲೆ ಬಿಟ್ಟದ್ದು ಯಾಕೆ?
2. ಗಿರಿಜಕ್ಕನ ಕೈ ತಟ್ಟೆಯಲ್ಲೇ ನಿಂತದ್ದು ಯಾಕೆ?
3. ಭದ್ರಾ ಹೊಳೆ ಯಾವ ಯಾವ ಊರು ದಾಟುತ್ತದೆ? ಕ್ರಮವಾಗಿ ಹೇಳಿ.
4. ಮಲೆನಾಡಿನವರನ್ನು ಸೋಮಾರಿ ಅನ್ನಲು ನಿಜವಾದ ಕಾರಣ ಏನಿತ್ತು?
5. 39ರಲ್ಲಿ 26 ಕಳೆದರೆ ಎಷ್ಟು? ಆ ಸಂಖ್ಯೆ ಪಾಠದಲ್ಲಿ ಎಲ್ಲಿದೆ?

ಗುಂಪಿನಲ್ಲಿ ಮಾತಾಡಿ

ನಿಮ್ಮ ಊರಿನ ಬಗ್ಗೆ ಬೇರೆಯವರು ಏನು ಹೇಳುತ್ತಾರೆ? ಅದನ್ನು ಕೇಳಿದಾಗ ನಿಮಗೆ ಏನನ್ನಿಸುತ್ತದೆ?

ಮನೆಯಲ್ಲಿ ಬರೆಯಿರಿ

ನಿಮ್ಮ ಅಜ್ಜಿ ಯಾವ ಊರಿನವರು? ಇಲ್ಲಿಗೆ ಹೇಗೆ ಬಂದರು? ಮನೆಯ ಹಿರಿಯರನ್ನು ಕೇಳಿ. ಐದು ಸಾಲು ಬರೆದು ತನ್ನಿ. ಮುಂದಿನ ವಾರ ಎಲ್ಲರೂ ಓದೋಣ.